ಜರಡಿಯಲ್ಲಿ ಸಿಕ್ಕ ನಮ್ಮ ಮನಿ

ನನ್ನ ಗಂಡನ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಮದುವೆಯಾಗಿ ಎಷ್ಟೋ ವರ್ಷಗಳಾದ ಮೇಲೆ, ಅದೂ ಕಂಪ್ಯೂಟರಿನ ಮುಂದೆ ಕುಳಿತಾಗ. ಹೊಟ್ಟೆಕಿಚ್ಚು ಪಡುವಂಥದ್ದು ಅವರ ಹತ್ತಿರ ಏನೂ ಇಲ್ಲ ಎಂದೇ ಅಲ್ಲಿಯವರೆಗೆ ನಾನು ತಿಳಿದಿದ್ದೆ. ಅವರು ಮಹಾರಾಷ್ಟ್ರದ ಗಡಿಯ ಜತ್ತದಲ್ಲಿ ಎಸ್.ಟಿ. ಬಸ್ ಸ್ಟ್ಯಾಂಡಿನ ಕಂಟ್ರೋಲರ್. ಯಾವ ಗಾಡಿ ಎಲ್ಲಿ ನಿಲ್ಲುತ್ತದೆ, ಯಾವುದು ತಡವಾಗಿದೆ ಎಂದು ಮೈಕಿನಲ್ಲಿ ಮರಾಠಿಯಲ್ಲಿ ಹೇಳುವುದು, ಸೀಟಿಗಾಗಿ ಜಗಳಾಡುವವರನ್ನು ಕನ್ನಡದಲ್ಲಿ ಸಮಾಧಾನ ಮಾಡುವುದು ಅವರ ಕೆಲಸ. ನಾನು ಸೋನ್ಯಾಳದ ಕನ್ನಡ ಸಾಲೆಯಲ್ಲಿ ಬಾಯಿ. ನಮ್ಮ ಕಡೆ ಮರಾಠಿ ರೂಢಿಯಂತೆ ಹೆಣ್ಣು ಶಿಕ್ಷಕಿಗೆ ಬಾಯಿ ಎನ್ನುತ್ತಾರೆ. ಬೆಳಿಗ್ಗೆ ಜೀಪಿನಲ್ಲಿ ಹೋಗುವುದು, ಸಂಜೆ ಸಿಕ್ಕ ಗಾಡಿ ಹತ್ತಿ ಬರುವುದು. ಮನೆಯಲ್ಲಿ ನಾವಿಬ್ಬರೇ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಪೇಟೆಯಲ್ಲಿ ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಇಂಟರ್‌ನೆಟ್ ಕೆಫೆ ಶುರುವಾಗಿತ್ತು. ಸಾಲೆಯ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ತುಂಬಿಸಬೇಕೆಂದು ಮೇಲಿನವರು ಹೇಳಿದ್ದರಿಂದ ನಾನು ಅಲ್ಲಿಗೆ ಹೋಗತೊಡಗಿದೆ. ಅದೇ ಕಾಲಕ್ಕೆ ಕನ್ನಡ ಪತ್ರಿಕೆಯೊಂದರ ಮೂಲೆಯಲ್ಲಿ ಒಂದು ಸುದ್ದಿ ಓದಿದೆ. ಊರೂರಿನ ಕನ್ನಡದ ಮಾತು, ಅಡುಗೆ, ಆಟ ಇವುಗಳ ಬಗ್ಗೆ ಪತ್ರ ಬರೆದುಕೊಳ್ಳುವ ಇ-ಮೇಲ್ ಗುಂಪೊಂದಿದೆ. ಒಬ್ಬರು ಬರೆದರೆ ಸಾಕು, ಗುಂಪಿನ ಎಲ್ಲರಿಗೂ ತಲುಪುತ್ತದೆ. ಯಾರು ಬೇಕಾದರೂ ಸೇರಬಹುದು. ಅದನ್ನು ನಡೆಸುತ್ತಿದ್ದವರು ಮೈಸೂರಿನಲ್ಲಿ ಅಚ್ಚುಕೂಟ ಇಟ್ಟುಕೊಂಡಿದ್ದ ಒಬ್ಬ ಹಿರಿಯರು.

ನಾನು ಸೇರಿಕೊಂಡೆ. ಯಾರಿಗೂ ಹೇಳಲಿಲ್ಲ. ಉಟಗಿಯಲ್ಲಿ ಹುಟ್ಟಿ, ಏಳನೆಯ ಇಯತ್ತೆಯವರೆಗೆ ಕನ್ನಡ, ಆಮೇಲೆಲ್ಲ ಮರಾಠಿ ಓದಿದವಳು ನಾನು. ಬೆಂಗಳೂರು, ಮೈಸೂರಿನವರು ನನ್ನ ಪತ್ರ ಓದಿ ನಕ್ಕರೆ ಎಂಬ ಅಂಜಿಕೆ. ಕೆಫೆಯ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ. ಎಲ್ಲರೂ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯುತ್ತಿದ್ದರು. ನಾನೂ ಒಂದೊಂದೇ ಕೀಲಿ ಹುಡುಕಿ ಒತ್ತುತ್ತ ಮೊದಲ ಪತ್ರ ಬರೆದೆ. ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಬೀಸುವಾಗ ನಾನು ಎದುರು ಕುಳಿತು ಕಾಳು ಹಾಕುತ್ತಿದ್ದುದರ ಬಗ್ಗೆ ಇತ್ತು ಅದು. ಮನೆಗೆ ನಾವು ಆಡುವ ಹಾಗೆಯೇ ‘ಮನಿ’ ಎಂದು ಬರೆದಿದ್ದೆ. ಎಂ, ಎ, ಎನ್, ಐ.

ಮುಂದಿನ ವಾರ ಹೋಗಿ ನೋಡಿದರೆ ನಾಲ್ಕೈದು ಜನ ಉತ್ತರ ಬರೆದಿದ್ದರು. ಚೆನ್ನಾಗಿದೆ, ಇನ್ನೂ ಬರೆಯಿರಿ ಎಂದಿದ್ದರು. ತುಮಕೂರಿನ ಹೆಣ್ಣುಮಗಳೊಬ್ಬಳು ಮಾತ್ರ ಕೇಳಿದ್ದಳು: ‘ಪತ್ರದ ತುಂಬ ಮಣಿ ಮಣಿ ಎಂದು ಬರುತ್ತಾರಲ್ಲ, ಮಣಿ ಯಾರು? ನಿಮ್ಮ ನಾದಿನಿಯೇ?’

ನಗು ಬಂತು, ಸ್ವಲ್ಪ ಅವಮಾನವೂ ಆಯಿತು. ಮಣಿ ಅಲ್ಲ, ಮನಿ ಎಂದು ಹೇಗೆ ಬರೆಯುವುದು? ಯೋಚಿಸಿದಾಗ ಹೊಳೆಯಿತು. ಆ ಸದ್ದಿಗೆ ನನಗೆ ತಪ್ಪದೆ ಬರುವ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದಿತ್ತು, ಹಣ ಎಂಬ ಅರ್ಥದ ಮನಿ. ಎಂ, ಓ, ಎನ್, ಇ, ವೈ. ಹಾಗೆ ಬರೆದರೆ ಯಾರೂ ಮಣಿ ಎಂದು ಓದಲಾರರು. ಅಂದಿನಿಂದ ನಮ್ಮ ಮನಿ, ಅಡಗಿ ಮನಿ, ತವರಮನಿ ಎಲ್ಲವೂ ಆ ಸ್ಪೆಲ್ಲಿಂಗಿಗೆ ಬದಲಾದವು.

ಆ ದಿನಗಳಲ್ಲೇ ಗುಂಪಿಗೆ ಕಸ ಬೀಳತೊಡಗಿತ್ತು. ಲಾಟರಿ ಹತ್ತಿದೆ, ಹಣ ಒಯ್ಯಿರಿ. ಅಗ್ಗದ ಕೈಗಡಿಯಾರ ಕೊಳ್ಳಿರಿ. ಗಂಡಸರ ಔಷಧಿ ತರಿಸಿಕೊಳ್ಳಿರಿ. ಯಾವುದೋ ದೇಶದ ಯಾವುದೋ ಹೆಸರಿನಲ್ಲಿ ದಿನಾ ರಾಶಿ ರಾಶಿ ಪತ್ರ. ಕೆಫೆಯಲ್ಲಿ ಸಿಕ್ಕ ಅರ್ಧ ತಾಸಿನಲ್ಲಿ ಕಸ ಅಳಿಸುವುದರಲ್ಲೇ ಅರ್ಧ ವೇಳೆ ಹೋಗುತ್ತಿತ್ತು. ನಡುವೆ ಲೋಡ್ ಶೆಡ್ಡಿಂಗ್ ಆಗಿ ಕರೆಂಟು ಹೋದರೆ ಅಷ್ಟೂ ವ್ಯರ್ಥ. ಗುಂಪಿನ ಹೆಣ್ಣುಮಕ್ಕಳು ಆ ಔಷಧಿಯ ಪತ್ರಗಳಿಗೆ ಬೇಸತ್ತು ಒಬ್ಬೊಬ್ಬರೇ ಬಿಟ್ಟುಹೋಗುತ್ತಿದ್ದರು. ಕೊನೆಗೆ ಮೈಸೂರಿನ ಹಿರಿಯರು ಎಲ್ಲರಿಗೂ ಬರೆದರು: ‘ಇನ್ನು ಮುಂದೆ ಒಂದು ಜರಡಿ ಹಿಡಿಯುತ್ತಿದ್ದೇನೆ. ಕಸದ ಪತ್ರಗಳಲ್ಲಿ ಬರುವ ಕೆಲವು ಮಾತುಗಳು ಯಾವ ಪತ್ರದಲ್ಲಿದ್ದರೂ ಅದು ಒಳಗೆ ಬರದೆ ಹೊರಗೇ ನಿಲ್ಲುತ್ತದೆ. ನಿಮಗೆ ಯಾರಿಗೂ ಇದರಿಂದ ತೊಂದರೆಯಾಗದು.’

ಓದಿ ನನಗೆ ಸಂತೋಷವಾಯಿತು. ನಿಜಕ್ಕೂ ಕಸ ನಿಂತಿತು. ಅದರ ಜೊತೆಗೆ ನನ್ನ ಪತ್ರಗಳೂ ನಿಂತವು. ಆದರೆ ಅದು ನನಗೆ ತಿಳಿಯಲಿಲ್ಲ. ಕಳಿಸಿದ್ದೇನೆ, ಕಳಿಸಿದ್ದು ನನ್ನ ಪೆಟ್ಟಿಗೆಯಲ್ಲಿ ಕಾಣುತ್ತಿದೆ. ಗುಂಪಿನಲ್ಲಿ ಮಾತ್ರ ಬರುವುದಿಲ್ಲ. ಒಂದು ವಾರ ಕಾಯ್ದೆ, ಎರಡು ವಾರ ಕಾಯ್ದೆ. ಬರೆದದ್ದು ಚೆನ್ನಾಗಿರಲಿಲ್ಲವೇನೋ, ಹಿರಿಯರು ಸಭ್ಯರು, ಹಾಗೆಂದು ಹೇಳಲಾರದೆ ಸುಮ್ಮನಿದ್ದಾರೆ ಎಂದುಕೊಂಡೆ. ಕೇಳಲು ನಾಚಿಕೆ. ಇನ್ನೊಂದು ಬರೆದೆ, ಮೊದಲಿನದಕ್ಕಿಂತ ಉದ್ದವಾಗಿ. ಅದೂ ಬರಲಿಲ್ಲ.

ಮನೆಯಲ್ಲಿ ನನ್ನ ಮುಖ ಸಣ್ಣದಾಗಿದ್ದನ್ನು ಅವರು ಕಂಡರು.

“ಏನಾಗೇದ? ಸಾಲ್ಯಾಗ ಯಾರರ ಏನರ ಅಂದರೇನ?”

“ಇಲ್ರಿ.”

“ಮತ್ತ ರವಿವಾರ ಬಂತಂದ್ರ ಪ್ಯಾಟಿಗೆ ಓಡತಿ, ಬರೂವಾಗ ಮಾರಿ ಇಳಿಸ್ಕೊಂಡ ಬರತಿ.”

ಹೇಳಿಬಿಟ್ಟೆ. ಗುಂಪಿನ ಬಗ್ಗೆ, ಮೊದಲ ಪತ್ರಕ್ಕೆ ಬಂದ ಉತ್ತರಗಳ ಬಗ್ಗೆ. ಪತ್ರಗಳು ಬರದೆ ನಿಂತದ್ದನ್ನು ಮಾತ್ರ ಹೇಳಲಿಲ್ಲ. ಅವರಿಗೆ ಭಾರೀ ಹುರುಪು ಬಂತು. “ನನ್ನೂ ಕರಕೊಂಡ ಹೋಗ, ನಾನೂ ಬರೀತೀನಿ” ಎಂದರು. ಮುಂದಿನ ರವಿವಾರ ಅವರನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ ಗುಂಪಿಗೆ ಸೇರಿಸಿದವಳು ನಾನೇ.

ನಮ್ಮವರು ಕಾಲೇಜನ್ನು ವಿಜಯಪುರದಲ್ಲಿ ಓದಿದವರು. ಮಾತು ನನ್ನದರಂತೆಯೇ ಇದ್ದರೂ ಬರೆಯುವುದು ಪುಸ್ತಕದ ಹಾಗೆ. ಬಾಯಿ ಮನಿ ಎಂದರೂ ಅವರ ಕೈ ‘ಮನೆ’ ಎಂದು ಬರೆಯುತ್ತದೆ. ಸ್ಟ್ಯಾಂಡಿನಲ್ಲಿ ತಿಕೋಂಡಿಯ ಮುದುಕಿಯೊಬ್ಬಳು ಕೋಳಿಗೆ ಟಿಕೀಟು ಯಾಕೆಂದು ಕಂಡಕ್ಟರನ ಜೊತೆ ವಾದ ಮಾಡಿದ್ದನ್ನು ಅವರು ಬರೆದರು. ಬರೆದು ಕಳಿಸಿ, ನಾವು ಕೆಳಗಿಳಿದು ಚಹಾ ಕುಡಿದು ಮತ್ತೆ ಮೇಲೆ ಹೋಗಿ ನೋಡಿದರೆ ಆ ಪತ್ರ ಗುಂಪಿನಲ್ಲಿ ಆಗಲೇ ಬಂದು ಕುಳಿತಿತ್ತು.

“ನೋಡ ನೋಡ, ಬಂತ! ಎಷ್ಟ ಲಗೂನ ಬಂತಲ್ಲ!” ಎಂದು ಅವರು ಹುಡುಗರ ಹಾಗೆ ಕೂಗಿದರು. ಕೆಫೆಯವನೂ ತಿರುಗಿ ನೋಡಿದ.

ನಾನು ನಕ್ಕೆ. ನಕ್ಕದ್ದು ಅವರಿಗೆ ಕಾಣಲಿ ಎಂದು ಇನ್ನೂ ಸ್ವಲ್ಪ ನಕ್ಕೆ.

ಆಮೇಲಿನ ತಿಂಗಳುಗಳನ್ನು ನೆನೆಸಿಕೊಂಡರೆ ಈಗಲೂ ಎದೆ ಬಿಸಿಯಾಗುತ್ತದೆ. ಗುಂಪಿನವರು ಅವರಿಗೆ ‘ಕಂಟ್ರೋಲರ್ ಸಾಹೇಬರು’ ಎಂದು ಹೆಸರಿಟ್ಟರು. ಸಾಹೇಬರು ಈ ವಾರ ಯಾಕೆ ಬರೆದಿಲ್ಲ, ಸಾಹೇಬರ ಸ್ಟ್ಯಾಂಡಿಗೆ ನಮ್ಮನ್ನೂ ಕರೆಯಿರಿ ಎಂದು ಎಲ್ಲೆಲ್ಲಿಂದಲೋ ಪತ್ರ. ಅವರು ಆ ಉತ್ತರಗಳನ್ನೆಲ್ಲ ಕಾಗದಕ್ಕೆ ಇಳಿಸಿಕೊಂಡು ಬಂದು ಊಟಕ್ಕೆ ಕುಳಿತಾಗ ಓದುತ್ತಿದ್ದರು. ನಾನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಅವರು ಓದುವುದು ಹೆಚ್ಚಾದಷ್ಟೂ ನನ್ನ ಬಡಿತ ಜೋರಾಗುತ್ತಿತ್ತು. ಅವರಲ್ಲಿ ಕೆಟ್ಟತನ ಎಳ್ಳಷ್ಟೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಡುತ್ತಿತ್ತು. ಕೆಟ್ಟವರಾಗಿದ್ದರೆ ಜಗಳವನ್ನಾದರೂ ಮಾಡಬಹುದಿತ್ತು.

ಮುಟಗಿಯ ಪತ್ರದ ಪ್ರಸಂಗ ನಡೆದದ್ದು ಆಗ. ಬಿಸಿ ದಪ್ಪ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರ, ಉಪ್ಪು, ಎಣ್ಣೆ ಹಾಕಿ ಕುಟ್ಟಿ ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡುವುದಕ್ಕೆ ನಾವು ಮುಟಗಿ ಎನ್ನುತ್ತೇವೆ. ಅವ್ವ ಅದನ್ನು ಮಾಡುವಾಗ ನಾವು ಮಕ್ಕಳೆಲ್ಲ ಒಲೆಯ ಸುತ್ತ ಕುಳಿತು, ಕೈ ಸುಟ್ಟರೂ ಬಿಡದೆ ಕಸಿದುಕೊಳ್ಳುತ್ತಿದ್ದುದನ್ನು ನಾನು ಮನಸ್ಸಿಟ್ಟು ಬರೆದು ಕಳಿಸಿದ್ದೆ. ಆ ಪತ್ರ ಹೋಗಿ ಎಲ್ಲಿ ಸೇರಿತೋ. ತಿಂಗಳಾದರೂ ಬರಲಿಲ್ಲ. ಒಂದು ಸಂಜೆ ಅವರು ಮುಟಗಿ ತಿನ್ನುತ್ತ, “ಇದರ ಬಗ್ಗೆ ನೀ ಗುಂಪಿಗೆ ಬರದಿಯೇನ?” ಎಂದು ಕೇಳಿದರು.

“ಬರದೀನಿ.”

“ನಾ ನೋಡೇ ಇಲ್ಲಲ್ಲ.”

“ಬರ್ತದ ಬಿಡ್ರಿ, ಯಾವಾಗರ.”

ಬಾಯಿಮಾತಿಗೆ ಹಾಗೆಂದೆ, ನಿಜಕ್ಕೂ ಇನ್ನೂ ಬರೆದಿಲ್ಲ ಎಂದು ಅವರು ತಿಳಿದರು. ಎರಡು ವಾರ ಬಿಟ್ಟು ಅವರೇ ಬರೆದರು. ‘ನನ್ನ ಹೆಂಡತಿ ಉಟಗಿಯವಳು. ಅವಳ ಕೈಯ ಮುಟಗಿ’ ಎಂದು ಶುರುವಾಗಿತ್ತು. ಒಳಗೆ ಇದ್ದದ್ದು ನನ್ನ ಅವ್ವ, ನನ್ನ ಒಲೆ, ನಾನು ಊಟದ ಹೊತ್ತಿಗೆ ಅವರಿಗೆ ಹೇಳಿದ ನನ್ನದೇ ಮಾತು. ಗುಂಪಿನವರೆಲ್ಲ ಬಾಯಿ ಚಪ್ಪರಿಸಿದರು. ‘ಸಾಹೇಬರು ಅದೃಷ್ಟವಂತರು’ ಎಂದು ಬರೆದಿದ್ದಳು ತುಮಕೂರಿನವಳು.

ಅಂದಿನಿಂದ ನಾನು ಮನೆಯಲ್ಲಿ ಹಳೆಯದೇನನ್ನೂ ಹೇಳುವುದನ್ನು ನಿಲ್ಲಿಸಿದೆ. ಅವ್ವ ಹೇಳುತ್ತಿದ್ದ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳುತ್ತಿದ್ದೆ. ನಮ್ಮೂರ ಕುರಿ ಕಾಯುವವರು ಕುರಿಯ ಮೈಮೇಲಿನ ಯಾವ ಗುರುತಿಗೆ ಏನೆನ್ನುತ್ತಾರೆ ಎಂದು ಅವರು ಕೇಳಿದರೆ ಮರೆತಿದ್ದೇನೆ ಎನ್ನುತ್ತಿದ್ದೆ. ಅವರಿಗೆ ಗೊತ್ತಾಗದೆ ಇರಲಿಲ್ಲ.

“ಯಾಕ ಮಾತಾಡವಲ್ಲಿ ಇತ್ತಿತ್ತಲಾಗ?”

“ಮಾತಾಡಾಕತ್ತೀನಲ್ರಿ.”

“ಉಪ್ಪ ತಗೊ, ನೀರ ತಗೊ ಅಂದ್ರ ಮಾತಾಡಿಧಂಗೇನ?”

ನಾನು ತಾಟು ಎತ್ತಿಕೊಂಡು ಒಳಗೆ ಹೋದೆ. ಮುಂದಿನ ರವಿವಾರ ಅವರಿಗೆ ಡ್ಯೂಟಿ ಇತ್ತು. ಒಬ್ಬಳೇ ಕೆಫೆಗೆ ಹೋಗಿ ಗುಂಪು ತೆರೆದರೆ ಅವರ ಹೊಸ ಪತ್ರದ ಕೆಳಗೆ ಹೊಗಳಿಕೆಯ ಸಾಲು. ನನ್ನ ತಾಳ್ಮೆ ಹೋಯಿತು. ಅಂಜಿಕೆ, ನಾಚಿಕೆ ಎಲ್ಲ ಬದಿಗಿಟ್ಟು ಇಡೀ ಗುಂಪಿಗೆ ಎರಡೇ ಸಾಲು ಬರೆದೆ: ‘ನನ್ನ ಪತ್ರ ಯಾಕ ಹಾಕವಲ್ರಿ? ನಾ ಏನ ತಪ್ಪ ಮಾಡೀನಿ, ಅದನ್ನರ ಹೇಳ್ರಿ.’

ಕಳಿಸಿ, ಇದೂ ಬರುವುದಿಲ್ಲ ಎಂದು ಏಳಲು ಹೊರಟೆ. ಮತ್ತೊಮ್ಮೆ ತೆರೆದು ನೋಡಿದರೆ ಬಂದಿತ್ತು. ಎಲ್ಲರ ಕಣ್ಣಿಗೂ ಬೀಳುವಂತೆ, ಗಂಡನ ಪತ್ರದ ಮೇಲೆಯೇ ಬಂದಿತ್ತು. ಚೆನ್ನಾಗಿ ಬರೆದವೆಲ್ಲ ನಿಂತು, ಸಿಟ್ಟಿನಲ್ಲಿ ಬರೆದ ಇದೊಂದು ಬರಬೇಕೇ?

ಮೈಸೂರಿನ ಹಿರಿಯರು ಮಾರನೆಯ ದಿನವೇ ನನಗೊಬ್ಬಳಿಗೇ ಬರೆದಿದ್ದರು. ಜರಡಿ ತಡೆದ ಪತ್ರಗಳ ರಾಶಿಯನ್ನು ತಾವು ತೆರೆದೇ ನೋಡುತ್ತಿರಲಿಲ್ಲವೆಂದೂ, ಈಗ ಹುಡುಕಿದಾಗ ಲಾಟರಿ, ಕೈಗಡಿಯಾರಗಳ ನಡುವೆ ನನ್ನ ಪತ್ರಗಳೆಲ್ಲ ಸಿಕ್ಕವೆಂದೂ, ಮನಸ್ಸಿಗೆ ಬಹಳ ನೋವಾಯಿತೆಂದೂ ಬರೆದಿದ್ದರು. ಕೊನೆಯಲ್ಲಿ ಒಂದು ಪ್ರಶ್ನೆ: ‘ತಾಯಿ, ತಪ್ಪು ತಿಳಿಯಬೇಡಿ. ನಿಮ್ಮ ಎಲ್ಲ ಪತ್ರಗಳಲ್ಲೂ ಹಣದ ಮಾತು ಯಾಕೆ ಬರುತ್ತದೆ?’

ಕಳಿಸಿದ ಪತ್ರಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಆಮೇಲೆ ತಿಳಿಯಿತು. ಸಿಟ್ಟಿನ ಎರಡು ಸಾಲಿನಲ್ಲಿ ಮನಿ ಇರಲಿಲ್ಲ. ಉಳಿದ ಎಲ್ಲದರಲ್ಲೂ ಇತ್ತು. ಮನಿಯಿಲ್ಲದೆ ನಾನು ಏನನ್ನು ತಾನೇ ಬರೆಯಬಲ್ಲೆ? ಮಣಿಯ ಗೊಂದಲದಿಂದ ಹಿಡಿದು ಎಲ್ಲವನ್ನೂ ಅವರಿಗೆ ವಿವರಿಸಿದೆ. ಅವರು ನನ್ನ ಒಪ್ಪಿಗೆ ಕೇಳಿ ಆ ಕಥೆಯನ್ನು ಗುಂಪಿಗೆ ತಿಳಿಸಿದರು. ಎಲ್ಲರೂ ನಕ್ಕರು, ಪ್ರೀತಿಯಿಂದಲೇ ನಕ್ಕರು. ತುಮಕೂರಿನವಳು ಕ್ಷಮೆ ಕೇಳಿದಳು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮವರು. ಮನೆಗೆ ಬಂದು ಚಪ್ಪಲಿ ಬಿಡುತ್ತಲೂ ನಕ್ಕರು, ಕೈಕಾಲು ತೊಳೆಯುತ್ತಲೂ ನಕ್ಕರು.

“ನೀ ‘ಮನೆ’ ಅಂತ ಬರದಿದ್ರ ಮುಗೀತಿತ್ತಲ್ಲ. ಎಂ, ಎ, ಎನ್, ಇ.”

“ನಮ್ಮ ಮನ್ಯಾಗ ಯಾರರ ಮನೆ ಅಂತಾರೇನ್ರಿ? ನೀವರ ಅಂತೀರೇನು?”

“ಮಾತ ಬ್ಯಾರೆ, ಬರಿಯೂದ ಬ್ಯಾರೆ.”

“ಗುಂಪ ಇರೂದ ಮಾತ ಸಲುವಾಗಿ ಅಲ್ಲೇನ್ರಿ? ಮಾತ ಬದಲ ಮಾಡಿ ಬರಿ ಅಂದ್ರ ನಾ ಏನ ಬರೀಲಿ? ನಿಮ್ಮಂಗ ಬರದ್ರ ನಿಮ್ಮ ಪತ್ರ ಅದಾವಲ್ಲ, ನಂದ್ಯಾಕ ಬೇಕ?”

ಕೊನೆಯ ಮಾತು ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ಅವರ ನಗು ನಿಂತಿತು.

“ನಿನ್ನ ಪತ್ರ ಬರವಲ್ದು ಅಂತ ನನಗ ಯಾಕ ಹೇಳಲಿಲ್ಲ?”

“ನಿಮ್ಮವು ಬರಾಕತ್ತಿದ್ದುವಲ್ಲ. ಹೆಂಗ ಹೇಳಲಿ?”

ಅವರು ಟವೆಲ್ಲನ್ನು ಗೂಟಕ್ಕೆ ಹಾಕಿ ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತರು. ಅಂದು ಊಟದ ಹೊತ್ತಿಗೆ ಏನನ್ನೂ ಓದಲಿಲ್ಲ.

ಗುಂಪಿನಲ್ಲಿ ಆ ವಾರವೆಲ್ಲ ಇದೇ ಚರ್ಚೆ. ಎಲ್ಲರ ಪತ್ರವನ್ನೂ ಹಿರಿಯರು ಓದಿ, ಆಮೇಲೆ ಗುಂಪಿಗೆ ಬಿಡಲಿ ಎಂದರು ಕೆಲವರು. ಅಚ್ಚುಕೂಟ ಬಿಟ್ಟು ಅವರು ಅದನ್ನೇ ಮಾಡುತ್ತ ಕೂರಬೇಕೇ ಎಂದರು ಮತ್ತೆ ಕೆಲವರು. ಗುರುತಿನವರೊಬ್ಬರು ಹೇಳಿದರೆ ಮಾತ್ರ ಹೊಸಬರನ್ನು ಸೇರಿಸಿಕೊಳ್ಳೋಣ ಎಂದ ಒಬ್ಬ. ಹಾಗಿದ್ದರೆ ನಾನು ಸೇರಲು ಆಗುತ್ತಲೇ ಇರಲಿಲ್ಲ. ನನಗೆ ಅಲ್ಲಿ ಯಾರ ಗುರುತಿತ್ತು? ಎಲ್ಲರೂ ಒಂದೇ ಥರ ಕಾಗುಣಿತ ಬಳಸಲಿ ಎಂದೂ ಒಬ್ಬರು ಬರೆದರು. ಅದಕ್ಕೆ ನಾನು ಉತ್ತರ ಬರೆಯುವ ಮೊದಲೇ ನಮ್ಮವರು ಬರೆದಿದ್ದರು: ‘ಮಾತಿನ ಗುಂಪಿನಲ್ಲಿ ಮಾತನ್ನೇ ತಿದ್ದಿಕೊಂಡು ಬಾ ಎಂದರೆ ಏನು ಬರೆಯುವುದು?’

ನನ್ನದೇ ಮಾತು. ನನ್ನ ಪರವಾಗಿಯೇ ಬರೆದಿದ್ದರು, ನನಗಿಂತ ಚೆನ್ನಾಗಿ ಬರೆದಿದ್ದರು, ನನಗಿಂತ ಮೊದಲು ಬರೆದಿದ್ದರು. ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ನಾನು ಹಿರಿಯರಿಗೆ ಬೇರೆ ಮಾತು ಬರೆದೆ. ತಡೆಯುವುದಕ್ಕೆ ನನ್ನ ತಕರಾರಿಲ್ಲ, ಕಸ ನನಗೂ ಬೇಡ. ಆದರೆ ತಡೆದರೆ ತಡೆದಿದ್ದೇವೆ ಎಂದು ಹೇಳಿ, ಸುಮ್ಮನೆ ಕಾಯಿಸಬೇಡಿ ಎಂದೆ. ಅವರು ಎಲ್ಲರದ್ದನ್ನೂ ಕೇಳಿ, ತಮ್ಮ ಅನುಭವವನ್ನೂ ಸೇರಿಸಿ ಹೊಸ ಕ್ರಮ ಹಾಕಿದರು. ಮಾತುಗಳನ್ನು ಹಿಡಿಯುವ ಜರಡಿಯನ್ನು ಕಿತ್ತುಹಾಕಿದರು. ಹೊಸದಾಗಿ ಸೇರಿದವರ ಮೊದಲ ಕೆಲವು ಪತ್ರಗಳನ್ನು ಕಣ್ಣಿನಿಂದ ನೋಡಿ ಬಿಡುವುದು. ಆಮೇಲೆ ಅವರನ್ನು ತಡೆಯಬಾರದು. ಹಳಬರೇ ಆದರೂ ಪತ್ರದಲ್ಲಿ ಹೊರಗಿನ ಜಾಲತಾಣದ ಕೊಂಡಿ ಇದ್ದರೆ ಮಾತ್ರ ಒಮ್ಮೆ ನೋಡುವುದು, ಏಕೆಂದರೆ ಕಸದ ಪತ್ರ ಏನು ಮಾತಾಡಿದರೂ ಕೊನೆಗೆ ಎಲ್ಲಿಗೋ ಕರೆದೊಯ್ಯಲೇಬೇಕು. ಯಾವ ಪತ್ರ ತಡೆದರೂ ಬರೆದವರಿಗೆ ಕೂಡಲೇ ತಿಳಿಸುವುದು. ಇದು ಬಹಳ ಚೆನ್ನಾಗಿ ನಡೆಯಿತು.

ನಡೆಯದೆ ಹೋದದ್ದು ಒಂದೇ. ನಿಂತಿದ್ದ ನನ್ನ ಪತ್ರಗಳನ್ನೆಲ್ಲ ಅವರು ಒಂದೇ ದಿನ ಬಿಟ್ಟರು. ತಿಂಗಳುಗಟ್ಟಲೆ ಕಾಯ್ದದ್ದು ಒಮ್ಮೆಗೇ ಬಂದು ರಾಶಿ ಬಿದ್ದರೆ ಯಾರು ಓದುತ್ತಾರೆ? ಮುಟಗಿಯ ಪತ್ರಕ್ಕೆ ಒಂದೇ ಉತ್ತರ ಬಂತು: ‘ಇದನ್ನು ಸಾಹೇಬರು ಆಗಲೇ ಸೊಗಸಾಗಿ ಹೇಳಿದ್ದರಲ್ಲ.’

ಅದನ್ನು ಓದಿ ನಾನು ಕೆಫೆಯ ಮೆಟ್ಟಿಲಿಳಿದು ಸೀದಾ ಮನೆಗೆ ಬಂದೆ. ದಾರಿಯಲ್ಲಿ ಸ್ಟ್ಯಾಂಡು. ಮೈಕಿನಲ್ಲಿ ಅವರ ದನಿ ಬರುತ್ತಿತ್ತು. ಸಾಂಗಲಿಯ ಗಾಡಿ ಬಂದಿದೆ, ಹತ್ತುವವರು ಹತ್ತಿರಿ ಎನ್ನುತ್ತಿದ್ದರು. ಊರಿಗೆಲ್ಲ ಕೇಳುವ ದನಿ. ನಾನು ತಿರುಗಿ ನೋಡಲಿಲ್ಲ.

ಕೆಲವು ದಿನಗಳ ಮೇಲೆ ಹಿರಿಯರು ಒಂದು ಸಹಾಯ ಕೇಳಿದರು. ತಡೆದ ಪತ್ರಗಳನ್ನು ನೋಡುವ ಕೆಲಸದಲ್ಲಿ ತಮಗೆ ಜೊತೆ ಬೇಕು. ತಡೆಸಿಕೊಂಡು ಕೂರುವುದು ಏನೆಂದು ನಿಮಗೆ ಗೊತ್ತು, ನೀವು ಮಾಡುತ್ತೀರಾ ಎಂದು. ನಾನು ಒಪ್ಪಿಕೊಂಡೆ. ಸಾಹೇಬರನ್ನು ಕೇಳದೆ ನನ್ನನ್ನು ಕೇಳಿದರು ಎಂಬ ಖುಷಿ ನನಗೆ ಆ ಕೆಲಸಕ್ಕಿಂತ ದೊಡ್ಡದಾಗಿತ್ತು. ಅಂದು ಪೇಟೆಯಿಂದ ಜಿಲೇಬಿ ತಂದೆ. ಯಾಕೆಂದು ನಮ್ಮವರು ಕೇಳಿದಾಗ ಸುದ್ದಿ ಹೇಳಿದೆ. “ಚಲೋ ಆತು, ನಿನಗ ತಕ್ಕ ಕೆಲಸ” ಎಂದು ಅವರು ನನಗಿಂತ ಹೆಚ್ಚು ಜಿಲೇಬಿ ತಿಂದರು.

ವಾರದಲ್ಲಿ ಎರಡು ಸಂಜೆ, ಸಾಲೆ ಬಿಟ್ಟು ಬರುತ್ತ ಕೆಫೆಗೆ ಹೋಗತೊಡಗಿದೆ. ಹೊಸಬರ ಪತ್ರಗಳನ್ನು ಓದಿ ಬಿಡುವುದರಲ್ಲಿ ನನಗೆ ಸುಖವಿತ್ತು. ಯಾರೋ ಅಂಜುತ್ತ ಬರೆದದ್ದು ನನ್ನ ಒಂದು ಒತ್ತಿಗೆ ಎಲ್ಲರೆದುರು ಹೋಗಿ ನಿಲ್ಲುತ್ತಿತ್ತು.

ಒಂದು ದಿನ ತೆರೆದು ನೋಡಿದರೆ ತಡೆದ ರಾಶಿಯ ತುಂಬ ನನ್ನ ಗಂಡನ ಹೆಸರು. ಕಂಟ್ರೋಲರ್ ಸಾಹೇಬರು ಕೈಗಡಿಯಾರ ಮಾರುತ್ತಿದ್ದಾರೆ. ಕಂಟ್ರೋಲರ್ ಸಾಹೇಬರು ಗಂಡಸರ ಔಷಧಿಯ ಗುಣ ಹೇಳುತ್ತಿದ್ದಾರೆ. ಕೊಂಡಿಯಿದ್ದ ಕಾರಣ ಎಲ್ಲವೂ ನಿಂತಿದ್ದವು, ಗುಂಪಿನವರು ಯಾರೂ ನೋಡಿರಲಿಲ್ಲ. ನಾನೊಬ್ಬಳೇ ನೋಡುತ್ತಿದ್ದೆ. ಸುಳ್ಳು ಯಾಕೆ, ಆ ಹೊತ್ತಿಗೆ ನನಗೆ ನಗು ಒತ್ತಿ ಬಂತು, ಒಳಗೆ ತಣ್ಣಗಾಯಿತು. ಇವನ್ನು ಎಲ್ಲರೂ ನೋಡಿದ್ದರೆ ಎಂದೂ ಒಂದು ಗಳಿಗೆ ಅನಿಸಿತು. ಆಮೇಲೆ ಅವನ್ನೆಲ್ಲ ಅಳಿಸಿ, ಹಿರಿಯರಿಗೆ ವಿಷಯ ತಿಳಿಸಿದೆ. ಯಾರೋ ಅವರ ಗುಪ್ತಪದ ಕದ್ದಿರಬೇಕು, ಅದನ್ನು ಬದಲಿಸುವವರೆಗೆ ಅವರ ಎಲ್ಲ ಪತ್ರಗಳನ್ನೂ ತಡೆಯಿರಿ, ಆದರೆ ಅವರನ್ನು ತೆಗೆದುಹಾಕಬೇಡಿ ಎಂದು ಹಿರಿಯರು ಕೂಡಲೇ ಬರೆದರು.

ಮನೆಗೆ ಹೋಗಿ ನಮ್ಮವರಿಗೆ ಹೇಳಿದೆ.

“ನನ್ನ ಹೆಸರಲೆ? ಎಂಥಾ ಔಷಧ?”

ಹೇಳಿದೆ.

“ಅಯ್ಯ ದೇವರ! ಯಾರರ ನೋಡ್ಯಾರೇನ?”

“ಇಲ್ರಿ. ನಾನಷ್ಟ ನೋಡೀನಿ.”

“ನಾಳೆ ನಾ ಒಂದ ಚಲೋ ಪತ್ರ ಕಳಿಸಾಂವ ಇದ್ನಲ್ಲ, ಅದು?”

“ಅದೂ ಆ ರಾಶಿಯಾಗ ನಿಲ್ಲತದ. ಮೊದಲ ಪಾಸ್‌ವರ್ಡ್ ಬದಲ ಮಾಡ್ರಿ. ಆಮ್ಯಾಲ ನಾ ನೋಡಿ ಬಿಡತೀನಿ.”

“ನೀ ನೋಡಿ ಬಿಡತಿ” ಎಂದು ಅವರು ನಿಧಾನವಾಗಿ ನನ್ನ ಮಾತನ್ನೇ ಹೇಳಿದರು. “ಹಂಗಾರ ನನ್ನ ಪತ್ರ ಈಗ ನಿನ್ನ ಕೈಯಾಗ ಅದ.”

ಮರುದಿನ ಡ್ಯೂಟಿಯ ನಡುವೆಯೇ ಓಡಿಹೋಗಿ ಕೆಫೆಯವನ ಸಹಾಯದಿಂದ ಗುಪ್ತಪದ ಬದಲಿಸಿ, ಆ ಪತ್ರವನ್ನೂ ಕಳಿಸಿ ಬಂದರು. ಆದರೆ ನಾನು ಹೋಗುವ ಸಂಜೆ ಇನ್ನೂ ದೂರವಿತ್ತು. ಆ ನಡುವಿನ ದಿನಗಳಲ್ಲಿ ಅವರು ಕಾಯುವುದನ್ನು ಕಂಡೆ. ಒಮ್ಮೆ ರೊಟ್ಟಿ ಮುರಿಯುತ್ತ, “ಚಲೋ ಬರದೀನಿಲ್ಲೋ ಗೊತ್ತಿಲ್ಲ” ಎಂದರು. ಇನ್ನೊಮ್ಮೆ, “ಮಂದಿ ಮರತಿರಬೇಕ ನನ್ನ” ಎಂದರು. ಇಷ್ಟು ದಿನ ನಾನು ಮನಸ್ಸಿನಲ್ಲೇ ಅಂದುಕೊಂಡದ್ದನ್ನು ಅವರು ಬಾಯಿಬಿಟ್ಟು ಹೇಳುತ್ತಿದ್ದರು. ಹಾಗೆ ಹೇಳಿಕೊಳ್ಳುವ ಧೈರ್ಯಕ್ಕೂ ನನಗೆ ಅವರ ಮೇಲೆ ಅಸೂಯೆಯಾಯಿತು.

ಆ ಸಂಜೆ ಅವರ ಪತ್ರವನ್ನು ಎಲ್ಲರಿಗಿಂತ ಮೊದಲು ಓದಿದವಳು ನಾನು. ಉಟಗಿಯ ಕೊನೆಯ ಗಾಡಿ ಕೆಟ್ಟು ನಿಂತಾಗ ಸ್ಟ್ಯಾಂಡಿನಲ್ಲಿ ಉಳಿದ ಜನ ತಂತಮ್ಮ ಬುತ್ತಿ ಬಿಚ್ಚಿ, ಗುರುತಿಲ್ಲದವರ ಜೊತೆ ಹಂಚಿಕೊಂಡು ಉಂಡದ್ದರ ಬಗ್ಗೆ ಬರೆದಿದ್ದರು. ಯಾರ ಬುತ್ತಿಯಲ್ಲಿ ಏನಿತ್ತು, ಯಾರು ಯಾವ ಮಾತಿನಲ್ಲಿ ಕರೆದರು, ಬೇಡವೆನ್ನುತ್ತಲೇ ಕೈಚಾಚಿದವರು ಯಾರು, ಎಲ್ಲ ಕಣ್ಣಿಗೆ ಕಟ್ಟಿದಂತೆ. ಅದರಲ್ಲಿ ನನ್ನದೇನೂ ಇರಲಿಲ್ಲ. ನನ್ನ ಅವ್ವ ಇರಲಿಲ್ಲ, ನನ್ನ ಒಲೆ ಇರಲಿಲ್ಲ. ಎಲ್ಲವೂ ಅವರದೇ. ಹೀಗೆ ಬರೆಯಲು ನನಗೆ ಬರುವುದಿಲ್ಲ ಎಂದು ಆಗ ಖಚಿತವಾಗಿ ತಿಳಿಯಿತು. ಅಲ್ಲಿಯವರೆಗೆ, ನನ್ನ ಪತ್ರ ತಡೆದರು, ಅದಕ್ಕೇ ಅವರು ಮುಂದೆ ಹೋದರು ಎಂಬ ಸಮಾಧಾನವಾದರೂ ಇತ್ತು. ಈಗ ಅದೂ ಹೋಯಿತು. ಪತ್ರವನ್ನು ಬಿಟ್ಟೆ. ಏಳುವ ಮೊದಲು ಗುಂಪನ್ನು ಮತ್ತೊಮ್ಮೆ ತೆರೆದು ನೋಡಿದೆ. ಆಗಲೇ ಮೊದಲ ಉತ್ತರ ಬಂದಿತ್ತು.

ಸ್ಟ್ಯಾಂಡಿಗೆ ಹೋಗಿ ಅವರ ಕೋಣೆಯ ಕಿಟಕಿಯ ಹೊರಗೆ ನಿಂತು ಹೇಳಿದೆ: “ಬಿಟ್ಟೀನ್ರಿ ನಿಮ್ಮ ಪತ್ರ.”

“ಓದಿದಿ?”

“ಓದಿದ್ನಿ.”

“ಹೆಂಗದ?”

“ಭಾಳ ಚಲೋ ಅದ. ನನಗ ಹೊಟ್ಟಿ ಉರೀತು.”

ಅವರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಮೈಕನ್ನು ಪಕ್ಕಕ್ಕೆ ಸರಿಸಿ, “ಒಳಗ ಬಾ, ಕುಂದ್ರು” ಎಂದರು. ಒಳಗೆ ಇನ್ನೊಂದು ಸ್ಟೂಲಿತ್ತು. ಕುಳಿತೆ. ಚಹಾ ಹೇಳಿಕಳಿಸಿದರು. ಮುಟಗಿಯ ಪತ್ರವನ್ನು ಅವರಿಗಿಂತ ಮೊದಲೇ ನಾನು ನಿಜಕ್ಕೂ ಬರೆದು ಕಳಿಸಿದ್ದೆ ಎಂದು ಅಂದು ಅವರಿಗೆ ಹೇಳಿದೆ. ಅವರು ಚಹಾದ ಕಪ್ಪನ್ನು ಕೆಳಗಿಟ್ಟು, “ನಿಮ್ಮವ್ವನ್ನ ನಾ ಬರೀಬಾರದಿತ್ತ” ಎಂದರು.

ಅಂದಿನಿಂದ ನಾನು ಮನೆಯಲ್ಲಿ ಮತ್ತೆ ಮಾತಾಡತೊಡಗಿದೆ. ಆದರೆ ಒಂದು ಕರಾರು ಮಾಡಿಕೊಂಡೆ, ನನ್ನಷ್ಟಕ್ಕೇ. ಅವ್ವನ ಕಡೆಯ ಮಾತು ಯಾವುದು ನೆನಪಾದರೂ ಮೊದಲು ಗುಂಪಿಗೆ ಬರೆದು ಕಳಿಸುವುದು, ಅದು ಎಲ್ಲರಿಗೂ ತಲುಪಿದ ಮೇಲೆಯೇ ಅವರಿಗೆ ಹೇಳುವುದು. ಎಷ್ಟೋ ಸಲ ಅವರು ಊಟದ ನಡುವೆ, “ನಿಮ್ಮೂರಾಗ ಇದಕ್ಕ ಏನಂತಾರ?” ಎಂದು ಕೇಳಿದರೆ, “ರವಿವಾರ ಆಗಲಿ, ಹೇಳತೀನಿ” ಎನ್ನುತ್ತಿದ್ದೆ. ಅವರಿಗೆ ಅರ್ಥವಾಗುತ್ತಿತ್ತು. ಒತ್ತಾಯ ಮಾಡುತ್ತಿರಲಿಲ್ಲ.

ಗುಂಪು ಇನ್ನೂ ಕೆಲವು ವರ್ಷ ನಡೆಯಿತು. ಹಿರಿಯರಿಗೆ ಕಣ್ಣು ಮಂದವಾದ ಮೇಲೆ ತಡೆದ ಪತ್ರಗಳ ಕೆಲಸವೆಲ್ಲ ನನ್ನದೇ ಆಯಿತು. ಜನ ಬೇರೆ ಬೇರೆ ಕಡೆ ಚದುರಿ ಗುಂಪು ತಾನಾಗಿಯೇ ಸಣ್ಣದಾಯಿತು. ಕೊನೆಯವರೆಗೂ ಬರೆದವರು ನಮ್ಮವರು, ಕೊನೆಯವರೆಗೂ ಹೊಗಳಿಸಿಕೊಂಡವರೂ ಅವರೇ. ನನ್ನ ಪತ್ರಗಳನ್ನು ಓದುವವರು ಕಡಿಮೆ. ಓದಿದವರು ಮಾತ್ರ ನಮ್ಮೂರ ಮಾತಿನ ಅರ್ಥ ಕೇಳಿ ಉದ್ದುದ್ದ ಬರೆಯುತ್ತಿದ್ದರು, ನಾನೂ ಅಷ್ಟೇ ಉದ್ದ ಉತ್ತರ ಕೊಡುತ್ತಿದ್ದೆ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ, ಇಲ್ಲ. ಅವರು ಈಗಲೂ ಏನಾದರೂ ಬರೆದು ನನ್ನ ಕೈಗೆ ಕೊಟ್ಟು, ನಾನು ಓದಿ ಮುಗಿಸುವವರೆಗೆ ಎದುರಿನ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಚೆನ್ನಾಗಿದ್ದರೆ ನಾನು ತುಸು ನಿಧಾನವಾಗಿಯೇ ಓದುತ್ತೇನೆ.